ನಾಯಿಗಳ ಲಿಂಫೋಮಾ ರಿಸರ್ಚಿಗೆ ದುಡ್ಡು ಕೊಡೋದಾದ್ರೆ ಎಲ್ಲಿಗೆ ಕೊಡೋದು?

ಬೆಲ್ಲದಮ್ಮ (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ಮ ಗೋಲ್ಡನ್ ರಿಟ್ರೀವರ್ ಬೆಲ್ಲ ಯುಗಾದಿ ಆಗಿ ಒಂದು ವಾರಕ್ಕೆ ಹೋಗ್ಬಿಟ್ಲು, ಎಂಟು ವರ್ಷ ಅಷ್ಟೇ. (ಬಣ್ಣ ಥೇಟ್ ಮಂಡ್ಯದ ಅಚ್ಚು ಬೆಲ್ಲ, ಅದಕ್ಕೇ ಆ ಹೆಸರು. ಇಲ್ಲಿ ಆಸ್ಪತ್ರೆ ಫೈಲಲ್ಲೆಲ್ಲ ಬೆಲ್ಲಾ ಅಂತ ಯಾರೋ ಇಟಲಿ ಹುಡುಗಿ ಥರ ಬರ್ಕೊಂಡಿದ್ರು, ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ವಿ.)

ಸ್ನಾನ ಮಾಡಿಸ್ತಾ ಇರ್ಬೇಕಾದ್ರೆ ದವಡೆ ಕೆಳಗೆ ಎರಡೂ ಕಡೆ ಗೋಲಿ ಥರ ಗಂಟು ಕೈಗೆ ಸಿಕ್ತು. ನೋವಿಲ್ಲ, ಜ್ವರ ಇಲ್ಲ, ಊಟ ಎಲ್ಲ ಮಾಮೂಲಿ. ಮೊದಲು ತೋರಿಸಿದ ಕಡೆ ಇನ್ಫೆಕ್ಷನ್ ಇರ್ಬೋದು ಅಂತ ಆಂಟಿಬಯೋಟಿಕ್ ಜೊತೆ ಪ್ರೆಡ್ನಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ರು, ಗಂಟು ಕರಗ್ತು, ನಾವು ದೇವ್ರಿಗೆ ತುಪ್ಪದ ದೀಪ ಹಚ್ಚಿ ಆರಾಮಾಗಿ ಇದ್ವಿ, ಮೂರು ವಾರಕ್ಕೆ ಮೊದಲಿಗಿಂತ ದೊಡ್ಡದಾಗಿ ವಾಪಸ್ ಬಂತು. ಆಮೇಲೆ ಬೇರೆ ಕಡೆ ಹೋದಾಗ ಸೂಜಿ ಹಾಕಿ ತೆಗೆದು ನೋಡಿ ಬಿ ಸೆಲ್ ಲಿಂಫೋಮಾ ಅಂದ್ರು, ಅಂದ್ರೆ ಬಿ ಸೆಲ್ ಅನ್ನೋ ಬಿಳಿ ರಕ್ತಕಣದ ಕ್ಯಾನ್ಸರ್. ಚಾಪ್ ಅಂತಾರಲ್ಲ ನಾಲ್ಕು ಔಷಧಿ ಸೇರಿಸಿ ಕೊಡೋ ಕೀಮೋ, ಅದು 25 ವಾರ. ಖರ್ಚು ಎಷ್ಟಾಯ್ತು ಅಂತ ಅಮ್ಮಂಗೆ ಇವತ್ತಿಗೂ ಹೇಳಿಲ್ಲ. ಆದ್ರೆ ಸುಳ್ಳು ಹೇಳಲ್ಲ, ಆ ತಿಂಗಳುಗಳು ಚೆನ್ನಾಗಿದ್ವು, ಮೂರನೇ ವಾರಕ್ಕೇ ಗಂಟೆಲ್ಲ ಮಾಯ, ಕೂದಲೂ ಅಷ್ಟೇನು ಉದುರಲಿಲ್ಲ, ಮೀಸೆ ಮಾತ್ರ ಹೋಯ್ತು. ಕೀಮೋ ಮುಗಿದು ನಾಲ್ಕು ತಿಂಗಳಿಗೆ ಮತ್ತೆ ಬಂತು, ಎರಡನೇ ಸಲ ಅದು ಬಗ್ಗಲಿಲ್ಲ.

ಈಗ ವಿಷಯ. ನನ್ನ ಆಫೀಸ್‌ನೋರು, ನಮ್ಮ ಸಂಘದ ಸ್ನೇಹಿತರು, ಮಗಳು ಬೀದಿ ಕೊನೇಲಿ ಟೇಬಲ್ ಹಾಕಿ ಮಾರಿದ ಮಜ್ಜಿಗೆ, ಎಲ್ಲ ಸೇರಿ 4,300 ಡಾಲರ್ ಆಗಿದೆ. ಬೆಲ್ಲ ಹೆಸರಲ್ಲಿ ಲಿಂಫೋಮಾ ರಿಸರ್ಚಿಗೇ ಕೊಡ್ಬೇಕು ಅಂತ ಮಗಳ ಹಟ. ದೊಡ್ಡ ಫೌಂಡೇಶನ್‌ಗೆ ಕೊಟ್ರೆ ಸಮುದ್ರಕ್ಕೆ ಉಪ್ಪು ಹಾಕಿದ ಹಾಗಾಗತ್ತಾ? ಇಲ್ಲೇ ರಾಲೀಲಿ ವೆಟ್ ಕಾಲೇಜಿದೆ, ಅಲ್ಲಿಗಾ? ಇಲ್ಲಾ ಊರಲ್ಲಿ ಹೆಬ್ಬಾಳದ ವೆಟ್ ಕಾಲೇಜಿಗೆ ಕೊಟ್ರೆ ಇದೇ ದುಡ್ಡು ಜಾಸ್ತಿ ದಿನ ಬರತ್ತಾ? ಅವಳ ಹೆಸರಲ್ಲಿ ಶಾಶ್ವತವಾಗಿ ಒಂದು ನಿಧಿ ಥರ ಮಾಡೋಕಾಗತ್ತಾ? ನಮ್ಮ ಭಾವ ಅಂತೂ "ನಾಯಿ ಕ್ಯಾನ್ಸರಿಗೆ ದುಡ್ಡಾ" ಅಂತ ಫೋನಲ್ಲೇ ನಕ್ಕರು. ಗೊತ್ತಿರೋರು ಹೇಳಿ.

ಲ್ಯಾಬ್_ಮಂಜ (ಫೋರ್ಟ್ ಕಾಲಿನ್ಸ್)

ಅಕ್ಕ, ಬೆಲ್ಲ ಬಗ್ಗೆ ಓದಿ ತುಂಬಾ ಬೇಜಾರಾಯ್ತು. ನಾನು ಕೆಲ್ಸ ಮಾಡೋದು ಇದಕ್ಕೆ ಹತ್ರದ ಫೀಲ್ಡಲ್ಲೇ, ಅದಕ್ಕೆ ಸ್ವಲ್ಪ ಕೊರೀತೀನಿ ಸಹಿಸ್ಕೊಳಿ.

ಮೊದಲು ಇದಕ್ಕೆ ದುಡ್ಡು ಎಲ್ಲಿಂದ ಬರತ್ತೆ ಅನ್ನೋದು ಗೊತ್ತಾದ್ರೆ ನಿಮ್ಮ ನಾಲ್ಕು ಸಾವಿರ ಎಲ್ಲಿ ಹಿಡಿಯತ್ತೆ ಅಂತ ನಿಮಗೇ ತಿಳಿಯತ್ತೆ. ಸರ್ಕಾರದ ದುಡ್ಡು ಅಂದ್ರೆ ಎನ್‌ಐಎಚ್ (ಇಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ), ಅವ್ರು ಕೇಳೋದು ಇದ್ರಿಂದ ಮನುಷ್ಯರಿಗೆ ಏನು ಉಪಯೋಗ ಅಂತ. ನ್ಯಾಷನಲ್ ಕ್ಯಾನ್ಸರ್ ಇನ್ಸ್ಟಿಟ್ಯೂಟಲ್ಲಿ 2003ರಿಂದ ಕಂಪ್ಯಾರಟಿವ್ ಆಂಕಾಲಜಿ (ಪ್ರಾಣಿಗಳ ಕ್ಯಾನ್ಸರ್, ಮನುಷ್ಯರ ಕ್ಯಾನ್ಸರ್ ಹೋಲಿಸಿ ನೋಡೋದು) ಅಂತಾನೇ ಒಂದು ವಿಭಾಗ ಇದೆ, ವೆಟ್ ಕಾಲೇಜುಗಳನ್ನ ಸೇರಿಸ್ಕೊಂಡು ಮನೆ ನಾಯಿಗಳಲ್ಲಿ ಟ್ರಯಲ್ ಮಾಡ್ತಾರೆ. ಔಷಧಿ ಕಂಪನಿ ಕೇಳೋದು ಮಾರ್ಕೆಟ್ ಎಷ್ಟು ಅಂತ, ನಾಯಿ ಲಿಂಫೋಮಾ ಅವ್ರ ಲೆಕ್ಕಕ್ಕೆ ಸಣ್ಣ ಅಂಗಡಿ. ಚಾಪ್‌ನಲ್ಲಿರೋ ನಾಲ್ಕೂ ಮನುಷ್ಯರಿಗೆ ಅಂತ ಬಂದ ಔಷಧಿಗಳೇ, ನಾಯಿ ಲಿಂಫೋಮಾಗೆ ಅಂತಾನೇ ಎಫ್‌ಡಿಎ ಪೂರ್ತಿ ಅನುಮತಿ ಕೊಟ್ಟ ಮೊದಲನೇ ಔಷಧಿ ಟನೋವಿಯಾ, ಅದು ಸಿಕ್ಕಿದ್ದು 2021ರ ಜುಲೈನಲ್ಲಿ! ಅದಕ್ಕೂ ಮುಂಚೆ ನಾಲ್ಕೂವರೆ ವರ್ಷ ಷರತ್ತಿನ ಅನುಮತಿ ಮೇಲೆ ಓಡ್ತಿತ್ತು.

ಈ ಎರಡರ ಮಧ್ಯೆ ಒಂದು ದೊಡ್ಡ ಗುಂಡಿ ಇದೆ. ಮನುಷ್ಯರಿಗೆ ನೇರ ಉಪಯೋಗ ತೋರಿಸೋಕಾಗಲ್ಲ, ಮಾರೋಕೂ ಆಗಲ್ಲ, ಆದ್ರೆ ನಾಯಿಗೆ ಬೇಕೇ ಬೇಕು ಅನ್ನೋ ಪ್ರಶ್ನೆಗಳು. ಉದಾಹರಣೆಗೆ ಯಾವ ನಾಯಿಗೆ ಬೇಗ ವಾಪಸ್ ಬರತ್ತೆ ಅಂತ ಮುಂಚೆನೇ ಹೇಳೋಕಾಗತ್ತಾ, ಕೀಮೋ ವಾರ ಕಡಿಮೆ ಮಾಡಿದ್ರೂ ನಡಿಯತ್ತಾ ಅಂತ. ಚಾಪ್ ಕೊಟ್ರೆ ನೂರಕ್ಕೆ 80-90 ನಾಯಿ ರೆಮಿಶನ್‌ಗೆ, ಅಂದ್ರೆ ಕಾಯಿಲೆ ತಾತ್ಕಾಲಿಕವಾಗಿ ಅಡಗೋ ಸ್ಥಿತಿಗೆ ಬರತ್ತೆ, ಆದ್ರೆ ಸರಾಸರಿ ಬದುಕು ಒಂದು ವರ್ಷದ ಆಸುಪಾಸು, ಪೂರ್ತಿ ಗುಣ ಆಗೋದು ಕೈಬೆರಳಲ್ಲಿ ಎಣಿಸೋ ಅಷ್ಟು, ದಶಕಗಳಿಂದ ಈ ಲೆಕ್ಕ ಅಷ್ಟಾಗಿ ಕದಲಿಲ್ಲ. ಆ ಗುಂಡಿಗೆ ಮಣ್ಣು ಹಾಕೋದು ನಿಮ್ಮಂಥೋರ ದುಡ್ಡೇ. ಮೋರಿಸ್ ಆನಿಮಲ್ ಫೌಂಡೇಶನ್ 1948ರಿಂದ ಇದೆ, ಇಲ್ಲೇ ಡೆನ್ವರ್, ಎಕೆಸಿ (ಅಮೆರಿಕನ್ ಕೆನಲ್ ಕ್ಲಬ್) ಕೆನೈನ್ ಹೆಲ್ತ್ ಫೌಂಡೇಶನ್ 1995ರಿಂದ.

ಮೋರಿಸ್‌ನೋರ ಗೋಲ್ಡನ್ ರಿಟ್ರೀವರ್ ಲೈಫ್‌ಟೈಮ್ ಸ್ಟಡಿ ನಿಮಗೆ ಗೊತ್ತೇ ಇರತ್ತೆ ಅನ್ಕೋತೀನಿ. 2012ರಿಂದ 2015ರ ಒಳಗೆ 3,044 ಗೋಲ್ಡನ್ ಮರಿಗಳನ್ನ, ಆರು ತಿಂಗಳಿಂದ ಎರಡು ವರ್ಷದ ಒಳಗಿನವು, ಸೇರಿಸ್ಕೊಂಡು ಅವು ಬದುಕಿರೋ ತನಕ ಹಿಂದೆ ಬಿದ್ದಿದಾರೆ. ನಮ್ಮ ಪಕ್ಕದ ಮನೆ ನಾಯಿ ಅದ್ರಲ್ಲಿತ್ತು. ವರ್ಷಕ್ಕೊಂದ್ಸಲ ರಕ್ತ, ಮೂತ್ರ, ಕೂದಲು, ಉಗುರು, ಕಕ್ಕ ಎಲ್ಲ ಪ್ಯಾಕ್ ಮಾಡಿ ಕಳಿಸ್ತಿದ್ರು, ಜೊತೆಗೆ ಒಂದು ಪ್ರಶ್ನಾವಳಿ, ಅಬ್ಬಬ್ಬಾ ನಮ್ಮ ಗ್ರೀನ್ ಕಾರ್ಡ್ ಫಾರಂ ಪರವಾಗಿಲ್ಲ, ನಾಯಿ ಏನು ತಿನ್ನತ್ತೆ, ಎಲ್ಲಿ ಮಲಗತ್ತೆ, ಹುಲ್ಲಿಗೆ ಏನು ಹೊಡಿತೀರಾ ಅಂತ ಪುಟಗಟ್ಟಲೆ. ಯಾಕೆ ಇಷ್ಟು ಪೇಚಾಟ ಅಂದ್ರೆ, 1991ರಲ್ಲಿ ಲಾನ್‌ಗೆ ಹೊಡಿಯೋ 2,4-ಡಿ ಕಳೆನಾಶಕಕ್ಕೂ ನಾಯಿ ಲಿಂಫೋಮಾಗೂ ಸಂಬಂಧ ಇದೆ ಅಂತ ಒಂದು ಸ್ಟಡಿ ಬಂದು ದೊಡ್ಡ ಗಲಾಟೆ ಆಯ್ತು, 1999ರಲ್ಲಿ ಅದೇ ಡೇಟಾನ ಮತ್ತೆ ಲೆಕ್ಕ ಹಾಕಿದೋರು ಹಂಗೇನಿಲ್ಲ ಅಂದ್ರು. ಕಾಯಿಲೆ ಬಂದ್ಮೇಲೆ ಕೂತ್ಕೊಂಡು ಹಿಂದಿಂದು ನೆನಪು ಮಾಡ್ಕೊಂಡು ಬರಿಸಿದ್ರೆ ಇದೇ ಪಾಡು. ಮುಂಚೆಯಿಂದ ಬರೆದಿಡ್ಬೇಕು, ಸ್ಯಾಂಪಲ್ ಫ್ರೀಜರಲ್ಲಿ ಇಡ್ಬೇಕು, ಆ ಫ್ರೀಜರಿನ ಕರೆಂಟ್ ಬಿಲ್ ಯಾರಾದ್ರೂ ಕಟ್ಬೇಕು. ಕೇಳೋಕೆ ಸಪ್ಪೆ ಅನ್ಸತ್ತೆ, ಆದ್ರೆ ನನ್ನ ಕೇಳಿದ್ರೆ ಹೊಸ ಔಷಧಿ ಟ್ರಯಲ್‌ಗಿಂತ ಆ ಫ್ರೀಜರೇ ದೊಡ್ಡ ಆಸ್ತಿ.

ಶಾಶ್ವತ ನಿಧಿ ಬಿಡಿ, ನಾನು ವಿಚಾರಿಸಿದ ಕಡೆ 25 ಸಾವಿರ ಡಾಲರ್‌ಗಿಂತ ಕೆಳಗೆ ಮಾತೇ ಆಡಲ್ಲ, ಅಷ್ಟಿಟ್ರೂ ವರ್ಷಕ್ಕೆ ಬರೋದು ಸಾವಿರದ ಲೆಕ್ಕ. ಎಕೆಸಿ ಫೌಂಡೇಶನ್‌ನಲ್ಲಿ ಒಂದೊಂದು ಗ್ರಾಂಟಿಗೂ ನಂಬರ್ ಇರತ್ತೆ, ಈ ನಂಬರಿಗೇ ಹೋಗ್ಲಿ ಅಂತ ಬರೆದು ಕೊಡ್ಬೋದು. ನಿಮ್ಮ ಆಫೀಸಲ್ಲಿ ಮ್ಯಾಚಿಂಗ್ (ನೀವು ಕೊಟ್ಟಷ್ಟೇ ಕಂಪನಿಯೋರೂ ಸೇರಿಸೋದು) ಇದ್ಯಾ ನೋಡಿ, ಇದ್ರೆ ನಿಮ್ಮ ಪಾಲು ಡಬಲ್. ಕೊಡೋ ಮುಂಚೆ ಅವ್ರ ಫಾರಂ 990, ಅಂದ್ರೆ ವರ್ಷದ ಲೆಕ್ಕಪತ್ರ, ತೆಗೆದು ಓದಿ, ಎಲ್ಲ ಪಬ್ಲಿಕ್ಕಾಗಿ ಸಿಗತ್ತೆ, ಗ್ರಾಂಟಿಗೆ ಎಷ್ಟು ಹೋಯ್ತು ಸಂಬಳಕ್ಕೆ ಎಷ್ಟು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗತ್ತೆ.

ಟಿ_ಸುಬ್ಬಣ್ಣ

ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ದುಃಖ ಅರ್ಥ ಆಗತ್ತೆ. ಆದ್ರೂ ಮೂರೂವರೆ ಲಕ್ಷಕ್ಕೂ ಮೇಲೆ ಆಯ್ತು ಅದು. ಕಿದ್ವಾಯಿಯಲ್ಲಿ ಮಕ್ಕಳ ವಾರ್ಡಿಗೆ ಕೊಟ್ರೆ ಲಿಂಫೋಮಾ ಇರೋ ಮಕ್ಕಳಿಗೇ ಆಗತ್ತೆ, ಅದೇ ಕಾಯಿಲೆ, ಅದೇ ಔಷಧಿ. ನಾಯಿ ಒಂದು ವರ್ಷ ಜಾಸ್ತಿ ಬದುಕೋಕೆ ರಿಸರ್ಚ್ ಅಂದ್ರೆ ನನಗೇನೋ ಒಪ್ಪಿಗೆ ಆಗ್ತಿಲ್ಲ. ನಿಮ್ಮ ಭಾವ ನಕ್ಕಿದ್ದು ತಪ್ಪು, ಆದ್ರೆ ಕೇಳಿದ ಪ್ರಶ್ನೆ ತಪ್ಪಲ್ಲ.

ರಾಗಿಮುದ್ದೆ_ಸಿಯಾಟಲ್

ಸುಬ್ಬಣ್ಣೋರೇ ನಾನಿರೋ ಊರಿಂದಾನೇ ಒಂದು ಉದಾಹರಣೆ ಕೊಡ್ತೀನಿ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟಿಗೆ 1990ರಲ್ಲಿ ನೊಬೆಲ್ ತಗೊಂಡ ಡೊನಾಲ್ ಥಾಮಸ್ ವರ್ಷಗಟ್ಟಲೆ ಕೆಲಸ ಮಾಡಿದ್ದು ನಾಯಿಗಳ ಮೇಲೆ, ಮ್ಯಾಚ್ ಆಗೋ ಒಡಹುಟ್ಟಿದವರನ್ನ ಹುಡುಕ್ಬೇಕು ಅನ್ನೋದು ನಾಯಿಗಳಲ್ಲಿ ಗಟ್ಟಿ ಆದ್ಮೇಲೇನೇ ಮನುಷ್ಯರಲ್ಲಿ ಸರಿಯಾಗಿ ಶುರು ಆಗಿದ್ದು. ಈಗ ಲಿಂಫೋಮಾಗೆ ಕೊಡೋ ಇಬ್ರುಟಿನಿಬ್ ಮಾತ್ರೆ ಇದ್ಯಲ್ಲ, ಅದರ ಮೊದಲ ಪೇಪರುಗಳಲ್ಲಿ ಒಂದು, 2010ರದ್ದು, ಅದ್ರಲ್ಲಿ ತಾನಾಗೇ ಬಿ ಸೆಲ್ ಲಿಂಫೋಮಾ ಬಂದಿದ್ದ ಮನೆ ನಾಯಿಗಳಿಗೆ ಕೊಟ್ಟು ನೋಡಿದಾರೆ. ಇಲಿಗೆ ನಾವು ಕ್ಯಾನ್ಸರ್ ಹಚ್ಚಿ ಆಮೇಲೆ ಔಷಧಿ ಕೊಡೋದು, ನಾಯಿಗೆ ನಮ್ಮ ಥರಾನೇ ವಯಸ್ಸಾದ ಮೇಲೆ, ನಮ್ಮದೇ ಮನೇಲಿದ್ದು, ನಮ್ಮದೇ ಗಾಳಿ ಕುಡ್ಕೊಂಡು ತಾನಾಗೇ ಬರತ್ತೆ. ವ್ಯತ್ಯಾಸ ಅಲ್ಲಿದೆ.

ಹಾಗಂತ ಮನುಷ್ಯರಿಗೆ ಬಂದಿದ್ದೆಲ್ಲ ನಾಯಿಗೆ ಹಾಗೇ ಹಾಕೋಕಾಗಲ್ಲ. ಮನುಷ್ಯರ ಲಿಂಫೋಮಾ ಕಥೇನೇ ಬದಲಾಯಿಸಿದ ರಿಟುಕ್ಸಿಮ್ಯಾಬ್ ಅನ್ನೋ ಆಂಟಿಬಾಡಿ ಔಷಧಿ ನಾಯಿ ಜೀವಕೋಶಕ್ಕೆ ಅಂಟೋದೇ ಇಲ್ಲ, ನಾಯಿಗೆ ಬೇರೆನೇ ತಯಾರು ಮಾಡ್ಬೇಕು. ಮಾಡೋಕೂ ಹೊರಟ್ರು, 2015ರ ಹೊತ್ತಿಗೆ ಎರಡು ಆಂಟಿಬಾಡಿ, ಒಂದು ಬಿ ಸೆಲ್ಲಿಗೆ ಒಂದು ಟಿ ಸೆಲ್ಲಿಗೆ, ಮಾರ್ಕೆಟ್ ಬಾಗಿಲ ತನಕ ಬಂದು ನಿಂತಿದ್ವು, ಆಮೇಲೆ ನೋಡಿದ್ರೆ ಅಂದ್ಕೊಂಡಷ್ಟು ಸರಿಯಾಗಿ ಗುರಿಗೆ ಅಂಟ್ತಾ ಇಲ್ಲ ಅಂತ ಕಂಪನಿಯೋರೇ ಹೇಳ್ಬೇಕಾಯ್ತು. ಇಂಥದ್ದನ್ನ ಕಂಪನಿಗೆ ಸಂಬಂಧ ಇಲ್ಲದ ಲ್ಯಾಬ್ ಕೂತ್ಕೊಂಡು ನೋಡ್ಬೇಕು ಅಂದ್ರೆ ದುಡ್ಡು ಎಲ್ಲಿಂದ ಬರ್ಬೇಕು ಹೇಳಿ.

ಬೆಲ್ಲದಮ್ಮ (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಸುಬ್ಬಣ್ಣೋರೇ, ಕಿದ್ವಾಯಿಗೂ ಪ್ರತಿ ವರ್ಷ ಅಪ್ಪನ ತಿಥಿ ಟೈಮಲ್ಲಿ ಕೊಡ್ತೀವಿ, ಅದನ್ನ ಹೇಳ್ಕೋಬಾರ್ದು ಅಂತ ಸುಮ್ನಿದ್ದೆ. ಮತ್ತೆ ರಾಗಿಮುದ್ದೆಯೋರೇ, ನೀವು ಹೇಳಿದ್ದೆಲ್ಲ ಸರಿ, ಆದ್ರೆ ನಾನು ಮನುಷ್ಯರಿಗೆ ಉಪಯೋಗ ಆಗತ್ತೆ ಅಂತ ಕೊಡ್ತಿಲ್ಲ. ಆಯ್ತು ಅಂದ್ರೆ ಸಂತೋಷ. ನಾನು ಕೊಡ್ತಿರೋದು ಇನ್ನೊಬ್ಬರ ಮನೆ ನಾಯಿಗೆ. ಅಷ್ಟು ಹೇಳೋಕೂ ಯಾಕೆ ಮನುಷ್ಯರ ಹೆಸರು ಅಡ್ಡ ಇಟ್ಕೋಬೇಕು?

ಲ್ಯಾಬ್_ಮಂಜ (ಫೋರ್ಟ್ ಕಾಲಿನ್ಸ್)

ಅಕ್ಕ ಇದನ್ನ ಪ್ರಿಂಟ್ ತೆಗೆದು ನಮ್ಮ ಗ್ರಾಂಟ್ ಬರಿಯೋ ರೂಮಲ್ಲಿ ಅಂಟಿಸ್ತೀನಿ 😀 ನಾವು ಪ್ರತಿ ಅರ್ಜೀಲೂ ಮೊದಲನೇ ಸಾಲಲ್ಲೇ "ಮನುಷ್ಯರ ನಾನ್ ಹಾಡ್ಕಿನ್ಸ್ ಲಿಂಫೋಮಾ" ಅಂತ ಬರೆದೇ ಮುಂದಕ್ಕೆ ಹೋಗೋದು.

ಹೇಳೋದು ಮರೆತೆ, ನಿಮ್ಮ ಪಕ್ಕದ ಊರು ರಾಲೀ ಹೆಸರೇ ನಾಯಿ ಕ್ಯಾನ್ಸರಿನ ಪುಸ್ತಕ ಸೇರಿದೆ. ಮನುಷ್ಯರ ಒಂದು ಥರ ಬ್ಲಡ್ ಕ್ಯಾನ್ಸರಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂತ ಒಂದು ಕ್ರೋಮೋಸೋಮ್ ಬದಲಾವಣೆ ಇರತ್ತಲ್ಲ, ಅದೇ ಬದಲಾವಣೆ ನಾಯಿಗಳಲ್ಲೂ ಸಿಕ್ತು, ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಮ್ಯಾಥ್ಯೂ ಬ್ರೀನ್ ಅವ್ರು ಅದಕ್ಕೆ ರಾಲೀ ಕ್ರೋಮೋಸೋಮ್ ಅಂತ ಹೆಸರಿಟ್ರು, 2008ರಲ್ಲಿ. ಅದು ಲಿಂಫೋಮಾ ಅಲ್ಲ, ಲ್ಯುಕೀಮಿಯಾ, ಆದ್ರೂ ನಿಮ್ಮ ಮಗಳಿಗೆ ಹೇಳಿ, ಖುಷಿ ಪಡ್ತಾಳೆ.

ಹೆಬ್ಬಾಳದ_ಹಳೇ_ವಿದ್ಯಾರ್ಥಿ (ಬೆಂಗಳೂರು)

ಮೇಡಂ, ನಾನು ಹೆಬ್ಬಾಳದಲ್ಲೇ ಓದಿದ್ದು, ಈಗ ಉತ್ತರಹಳ್ಳಿ ಕಡೆ ಸ್ವಂತ ಕ್ಲಿನಿಕ್. ಇಲ್ಲಿನ ಪರಿಸ್ಥಿತಿ ನೇರವಾಗಿ ಹೇಳ್ತೀನಿ.

ಬೆಂಗಳೂರಲ್ಲಿ ನಾಯಿಗೆ ಗಂಟು ಊದಿದ್ರೆ ನಮಗೆಲ್ಲ ಮೊದಲು ತಲೆಗೆ ಬರೋದು ಟಿಕ್ ಫೀವರ್. ಬರ್ಬೇಕಾದ್ದೇ, ಉಣ್ಣೆಯಿಂದ ಬರೋ ಎರ್ಲಿಕಿಯಾ ಸೋಂಕಲ್ಲೂ ಗಂಟು ಊದತ್ತೆ, ಇಲ್ಲಿ ಉಣ್ಣೆ ಹತ್ತದ ನಾಯಿ ಇಲ್ಲ. ಡಾಕ್ಸಿಸೈಕ್ಲಿನ್ ಶುರು ಮಾಡ್ತೀವಿ, ಮೂರು ನಾಲ್ಕು ವಾರ ಹೋಗತ್ತೆ. ಚಿಕಿತ್ಸೆ ಕೊಡದ ಲಿಂಫೋಮಾ ನಾಯಿಗೆ ಉಳಿದಿರೋದೇ ಸುಮಾರು ನಾಲ್ಕರಿಂದ ಆರು ವಾರ, ಲೆಕ್ಕ ನೀವೇ ಹಾಕಿ. ಇನ್ನು ನಿಮಗೆ ಆದ ಹಾಗೆ ಗೊತ್ತಾಗೋ ಮುಂಚೆ ಸ್ಟೀರಾಯ್ಡ್ ಕೊಡೋದು ಇಲ್ಲೂ ನಡಿಯತ್ತೆ, ನಾನೂ ಹೊಸದ್ರಲ್ಲಿ ಒಂದು ಲ್ಯಾಬ್ರಡಾರ್‌ಗೆ ಮಾಡಿದೀನಿ, ಇವತ್ತಿಗೂ ಆ ಮನೆಯೋರು ಎದುರಿಗೆ ಸಿಕ್ಕಿದ್ರೆ ಕಣ್ಣು ತಪ್ಪಿಸ್ತೀನಿ. ಗಂಟು ಕರಗತ್ತೆ, ಸೂಜಿ ಹಾಕಿದ್ರೂ ಸರಿಯಾಗಿ ಕಾಣಲ್ಲ, ಅದಕ್ಕಿಂತ ಕೆಟ್ಟದ್ದು ಆಮೇಲೆ ಕೊಡೋ ಕೀಮೋಗೆ ಕ್ಯಾನ್ಸರ್ ಸೆಲ್‌ಗಳು ಬಗ್ಗದ ಹಾಗೆ ಆಗೋ ಸಾಧ್ಯತೆ. ಓದ್ತಾ ಇರೋರು ಯಾರೇ ಆಗ್ಲಿ ಇದೊಂದು ನೆನಪಿಟ್ಕೊಳಿ, ಗಂಟಿಗೆ ಮೊದಲು ಸೂಜಿ, ಆಮೇಲೆ ಸ್ಟೀರಾಯ್ಡ್.

ಔಷಧಿ ವಿಷಯಕ್ಕೆ ಬಂದ್ರೆ ನಮ್ಮ ಕಡೆ ಅದೇ ದೊಡ್ಡ ತೊಂದರೆ ಅಲ್ಲ. ಚಾಪ್‌ನ ನಾಲ್ಕೂ ಜನರಿಕ್, ಮನುಷ್ಯರ ಔಷಧಿ ಅಂಗಡೀಲೇ ಸಿಗತ್ತೆ, ಅಮೆರಿಕದ ರೇಟಿಗೆ ಹೋಲಿಸಿದ್ರೆ ಏನೇನೂ ಅಲ್ಲ. ಅದ್ರಲ್ಲಿ ವಿಂಕ್ರಿಸ್ಟಿನ್ ಅನ್ನೋದು ನಮ್ಮನೆ ಮುಂದೆ ಬೆಳೆಯೋ ನಿತ್ಯಪುಷ್ಪದ ಗಿಡದಿಂದಾನೇ ಬಂದಿದ್ದು, ನಮ್ಮಜ್ಜಿ ದಿನಾ ಅದೇ ಹೂವು ದೇವರಿಗೆ ಇಡ್ತಿದ್ರು. (ಗಿಡ ಅರೆದು ಕುಡಿಸ್ಬೇಡಿ ಮತ್ತೆ, ವಿಷ ಅದು, ಕೇಳಿದೋರು ಇದಾರೆ ಅದಕ್ಕೆ ಹೇಳ್ದೆ.) ನಮಗೆ ಕಡಿಮೆ ಇರೋದು ಯಾವ ಥರದ ಲಿಂಫೋಮಾ ಅಂತ ವಿಂಗಡಿಸೋ ಟೆಸ್ಟು, ಕೀಮೋ ಕೊಡೋಕೆ ಕಲಿತ ಕೈ, ಆಮೇಲೆ ಬರೆದಿಡೋ ಅಭ್ಯಾಸ. ಬಿ ಸೆಲ್ಲಾ ಟಿ ಸೆಲ್ಲಾ ಅಂತ ತಿಳಿಯದೇ ಇದ್ರೆ ಮನೆಯೋರಿಗೆ ಎಷ್ಟು ದಿನ ಅಂತ ಹೇಳೋಕೂ ಆಗಲ್ಲ, ಟಿ ಸೆಲ್ ಸಾಮಾನ್ಯವಾಗಿ ಬೇಗ ಕರ್ಕೊಂಡು ಹೋಗತ್ತೆ. ನಮ್ಮ ಎಂವಿಎಸ್ಸಿ (ಪಶುವೈದ್ಯದ ಸ್ನಾತಕೋತ್ತರ) ಹುಡುಗ್ರು ಒಂದು ಥೀಸಿಸ್ಸಿಗೆ ಟೆಸ್ಟ್ ಕಿಟ್ ತರ್ಸೋಕೆ ಪರದಾಡ್ತಾರೆ, ಅಲ್ಲಿ ನಿಮ್ಮ ಸಾವಿರ ಡಾಲರ್ ನಿಜವಾಗ್ಲೂ ಕಣ್ಣಿಗೆ ಕಾಣತ್ತೆ.

ಆದ್ರೆ ಕೊಡೋ ದಾರಿ ಸಲೀಸಿಲ್ಲ. ನಿಮ್ಮದು ಇಂಡಿಯನ್ ಪಾಸ್‌ಪೋರ್ಟಾ? ಆಗಿದ್ರೆ ನಿಮ್ಮ ಸ್ವಂತ ದುಡ್ಡು ವಿದೇಶಿ ದೇಣಿಗೆ ಅಂತ ಲೆಕ್ಕಕ್ಕೆ ಬರಲ್ಲ. ಒಸಿಐ (ವಿದೇಶಿ ಪೌರತ್ವ ತಗೊಂಡ ಭಾರತೀಯ ಮೂಲದೋರು) ಆಗಿದ್ರೆ ಬರತ್ತೆ, ಟ್ರಸ್ಟಿಗೆ ಕೊಡೋದಾದ್ರೆ ಆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ತಗೊಳೋ ಅನುಮತಿ, ಇರ್ಬೇಕು, ದುಡ್ಡು ದೆಹಲಿಯ ಎಸ್‌ಬಿಐ ಮೇನ್ ಬ್ರಾಂಚ್ ಖಾತೆಗೇ ಬರ್ಬೇಕು. ನೀವು ಅಮೆರಿಕದ ಗೆಳೆಯರಿಂದ ಸೇರಿಸಿದ ದುಡ್ಡು ಅಂದ್ರಲ್ಲ, ಅದು ಯಾರ ದುಡ್ಡು ಅನ್ನೋದೂ ಪ್ರಶ್ನೆ ಆಗತ್ತೆ. ಇಲ್ಲಿಗೆ ನೇರವಾಗಿ ಕೊಟ್ರೆ ಅಲ್ಲಿ ಟ್ಯಾಕ್ಸ್ ವಿನಾಯಿತಿನೂ ಸಿಗಲ್ಲ.

ಇಲ್ಲಿನ ಕಂಪನಿಗಳನ್ನ ಕೇಳಿ ಅಂತ ನಾನು ಹೇಳೋದು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟು ಸಿಎಸ್‌ಆರ್‌ಗೆ, ಅಂದ್ರೆ ಸಮಾಜದ ಕೆಲಸಕ್ಕೆ, ಇಡ್ಬೇಕಲ್ಲ, ಆ ಪಟ್ಟೀಲಿ ಪ್ರಾಣಿ ಕಲ್ಯಾಣನೂ ಇದೆ. ಆದ್ರೆ ನನಗೆ ಕಂಡ ಹಾಗೆ ಕೊಡೋರು ಕೊಡೋದು ಆಂಬುಲೆನ್ಸು, ಶೆಲ್ಟರು, ಬೋರ್ಡಲ್ಲಿ ಫೋಟೋ ಚೆನ್ನಾಗಿ ಬರೋದು. ಮೈಕ್ರೋಸ್ಕೋಪ್ ಪಕ್ಕ ನಿಂತು ಫೋಟೋ ತೆಗೆಸ್ಕೊಳೋರು ಇನ್ನೂ ಸಿಕ್ಕಿಲ್ಲ.

ಘಟಪ್ರಭಾ_ದಂಡಿ (ಬಾಗಲಕೋಟಿ)

ಡಾಕ್ಟ್ರ ಹೇಳಿದ್ದು ಖರೇ ಐತ್ರಿ. ನಾ ಒಂದು ಕೇಳ್ತೀನಿ, ಅಮೆರಿಕಾದಾಗ ಮೂರು ಸಾವಿರ ಗೋಲ್ಡನ್ ಹಿಂದ ಬಿದ್ದು ಬರದಿಟ್ಟಾರಂದ್ರ ನಮ್ಮ ಮುಧೋಳ ನಾಯಿಗೆ ಯಾಕ ಹಂಗ ಮಾಡಬಾರ್ದ್ರಿ? 2005ರಾಗ ಅಂಚೆ ಚೀಟಿ ಮ್ಯಾಲೆ ಬಂತು, ಮಿಲಿಟರಿಯವ್ರು ಮೀರತ್‌ಗೆ ಒಯ್ದು ತರಬೇತಿ ಕೊಟ್ರು, ತಿಮ್ಮಾಪುರದಾಗ ವಿಶ್ವವಿದ್ಯಾಲಯದ್ದೇ ಮುಧೋಳ ನಾಯಿ ಕೇಂದ್ರ ಐತಿ, ಮರಿ ತಗೊಳ್ಳಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ನಮ್ಮ ಮನ್ಯಾಗ ಮೂರು ತಲಿಮಾರಿಂದ ಅದಾವು, ಒಂದೂ ಯಾವ ಜಡ್ಡಿನಿಂದ ಸತ್ತಾವು ಅಂತ ನಮಗ ಗೊತ್ತಿಲ್ಲ ನೋಡ್ರಿ. ವಯಸ್ಸಾತು ಹೋತು ಅಂತೀವಿ. ಕುತಗಿ ಕೆಳಗ ಗಂಟು ಆಗಿ ಹ್ವಾದದ್ದೂ ಒಂದಿತ್ತು, ಈಗ ಇದನ್ನ ಓದಿದ ಮ್ಯಾಲೆ ಅದss ಇರಬೇಕು ಅನಸ್ತದ. ಗಂಟಿಗೆ ಬೂದಿ ಹಚ್ಚಿದ್ವಿ ಆವಾಗ.

ಹೆಬ್ಬಾಳದ_ಹಳೇ_ವಿದ್ಯಾರ್ಥಿ (ಬೆಂಗಳೂರು)

ಅಣ್ಣಾ ನೀವು ಹೇಳಿದ್ದು ಒಳ್ಳೇ ಮಾತು. ಅದಕ್ಕೆ ಕೋಟಿ ಬೇಡ, ಶುರು ಮಾಡೋಕೆ ಒಂದು ರಿಜಿಸ್ಟರ್ ಪುಸ್ತಕ ಸಾಕು. ಮರಿ ತಗೊಂಡು ಹೋದೋರ ಫೋನ್ ನಂಬರ್, ವರ್ಷಕ್ಕೊಂದು ಕರೆ, ಬದುಕಿದ್ಯಾ, ಇಲ್ಲಾಂದ್ರೆ ಏನಾಯ್ತು ಅಂತ. ಒಂದೇ ತಳಿ, ಒಂದೇ ಸೀಮೆ, ಇದಕ್ಕಿಂತ ಒಳ್ಳೇ ಗುಂಪು ಎಲ್ಲಿ ಸಿಗತ್ತೆ. ಮುಂದಿನ ತಿಂಗಳು ಆ ಕಡೆ ಮದುವೆಗೆ ಬರ್ತಾ ಇದೀನಿ, ನಿಮ್ಮ ಮನೆಗೂ ಬಂದು ಹೋಗ್ತೀನಿ, ಮೆಸೇಜ್ ಮಾಡಿ.

ಬೆಲ್ಲದಮ್ಮ (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಎಲ್ರಿಗೂ ಥ್ಯಾಂಕ್ಸ್, ಎರಡು ದಿನ ಮನೇಲಿ ಇದೇ ಚರ್ಚೆ. ಮಂಜ ಅವ್ರು ಹೇಳಿದ ಹಾಗೆ ಮ್ಯಾಚಿಂಗ್ ವಿಚಾರಿಸಿದೆ, ನಮ್ಮ ಆಫೀಸಲ್ಲಿ ಇದೆ, ಆದ್ರೆ ನನ್ನ ಸ್ವಂತ ದುಡ್ಡಿಗೆ ಮಾತ್ರ. ಹಾಗಾಗಿ ಇಲ್ಲಿ ಸೇರಿದ 4,300 ಅಷ್ಟೂ ಇಲ್ಲೇ, ಒಂದು ಲಿಂಫೋಮಾ ಗ್ರಾಂಟ್ ನಂಬರ್ ಹಾಕಿ ಕಳಿಸ್ತೀವಿ, ಅದರ ಮೇಲೆ ನಾನು ಸಾವಿರ ಹಾಕಿ ಆಫೀಸಿನ ಸಾವಿರ ಸೇರಿಸ್ತೀನಿ. ನಂದು ಇನ್ನೂ ಇಂಡಿಯನ್ ಪಾಸ್‌ಪೋರ್ಟೇ (ಯಜಮಾನ್ರದು ಒಸಿಐ, ಅವ್ರನ್ನ ಇದರಿಂದ ದೂರ ಇಡ್ತೀವಿ), ಡಿಸೆಂಬರಲ್ಲಿ ಬೆಂಗಳೂರಿಗೆ ಬಂದಾಗ ನನ್ನ ಎನ್‌ಆರ್‌ಓ ಅಕೌಂಟಿಂದ ಆ ಟೆಸ್ಟ್ ಕಿಟ್‌ಗೆ ಕೊಡ್ತೀನಿ, ಡಾಕ್ಟ್ರೇ ನೀವು ಯಾವ ವಿಭಾಗ, ಯಾರನ್ನ ಕೇಳ್ಬೇಕು ಅಂತ ಹೇಳಿ. ಘಟಪ್ರಭಾ ಅಣ್ಣೋರೇ ಆ ರಿಜಿಸ್ಟರ್ ಪುಸ್ತಕದ ಖರ್ಚು ನಂದು, ಬೇಡ ಅನ್ಬೇಡಿ.

ಒಂದೇ ಒಂದು ತೊಂದರೆ ಉಳಿದಿದೆ. ಆನ್‌ಲೈನ್ ಫಾರಂನಲ್ಲಿ "ಯಾರ ನೆನಪಿಗೆ" ಅಂತ ಒಂದು ಖಾನೆ ಇದೆ, ಮಗಳು ಬೆಲ್ಲ ಅಂತ ಕನ್ನಡದಲ್ಲೇ ಹೊಡೆದ್ಲು, ಸಬ್ಮಿಟ್ ಮಾಡಿದ್ರೆ ಬರೀ ಚೌಕ ಚೌಕ ಬರ್ತಿದೆ. ಇಂಗ್ಲಿಷಲ್ಲಿ ಹಾಕಿದ್ರೆ ಮತ್ತೆ ಇಟಲಿ ಹುಡುಗಿನೇ ಆಗ್ತಾಳೆ. ಏನ್ ಮಾಡೋದು?

ಲ್ಯಾಬ್_ಮಂಜ (ಫೋರ್ಟ್ ಕಾಲಿನ್ಸ್)

ಫೋನ್ ಮಾಡಿ ಅಕ್ಕ, ಚೆಕ್ ಜೊತೆ ಕೈಬರಹದ ಚೀಟಿ ಇಟ್ರೂ ತಗೋತಾರೆ. ಅದ್ರಲ್ಲಿ ಮಗಳ ಕೈಲೇ ಕನ್ನಡದಲ್ಲಿ ಬರೆಸಿ.